ನಾಯಿ ಏನೂ ಮಾಡಲ್ಲ ಅನ್ನುವ ಮುಂಚೆ

ಪೋಸ್ಟ್‌ಮನ್ ಕೆಲಸ ಬೀದಿಯಲ್ಲಿ ಶುರುವಾಗುವುದಿಲ್ಲ. ಅವತ್ತಿನ ಟಪಾಲನ್ನೆಲ್ಲ ನಮ್ಮ ಬೀಟ್, ಅಂದರೆ ನಾವು ದಿನಾ ಸುತ್ತುವ ದಾರಿ, ಹೇಗೆ ಸಾಗುತ್ತದೋ ಹಾಗೇ, ಒಂದರ ಪಕ್ಕ ಒಂದು ಮನೆಯಂತೆ ಕಚೇರಿಯಲ್ಲೇ ಜೋಡಿಸಿಕೊಂಡು ಹೊರಡುತ್ತೇವೆ. ಆ ಸಾಲು ಕೆಡದಿದ್ದರೆ ಕೆಲಸ ಸಲೀಸು. ಅದು ಕೆಡುವುದು ಹೆಚ್ಚಾಗಿ ಗೇಟಿನ ಹತ್ತಿರ.

ಮೊದಲನೇ ಕಾರಣ ನಾಯಿ. "ಏನೂ ಮಾಡಲ್ಲ, ಬನ್ನಿ" ಅನ್ನುತ್ತಾರೆ. ನಿಮಗೆ ಮಾಡಲ್ಲ, ಸರಿ. ನಮ್ಮ ವಿಷಯದಲ್ಲಿ ನಾಯಿಯ ಲೆಕ್ಕವೇ ಬೇರೆ. ದಿನಾ ಒಬ್ಬ ಬರುತ್ತಾನೆ, ತಾನು ಬೊಗಳುತ್ತದೆ, ಅವನು ಹೊರಟುಹೋಗುತ್ತಾನೆ. ಕಾಗದ ಹಾಕಿ ಆಯ್ತು, ಅದಕ್ಕೇ ಹೋದ ಅಂತ ಅದಕ್ಕೇನು ಗೊತ್ತು, ತಾನೇ ಓಡಿಸಿದೆ ಅಂದುಕೊಳ್ಳುತ್ತದೆ, ದಿನೇ ದಿನೇ ಧೈರ್ಯ ಜಾಸ್ತಿಯಾಗುತ್ತದೆ. ಗೇಟಿನ ಚಿಲಕ ಸದ್ದಾದರೆ ಸಾಕು, ಕಿವಿ ನಿಮಿರಿಸಿ ಎದ್ದು ನಿಲ್ಲುತ್ತದೆ. ಆಗ ನಾವು ಓಡುವುದಿಲ್ಲ, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಬ್ಯಾಗನ್ನು ಮುಂದೆ ಹಿಡಿದು, ಬೆನ್ನು ತೋರಿಸದೆ ನಿಧಾನಕ್ಕೆ ಹಿಂದೆ ಸರಿಯುತ್ತೇವೆ.

ಬಾಗಿಲು ತೆರೆಯುವ ಮುಂಚೆ ನಾಯಿಯನ್ನು ಬೇರೆ ಕೋಣೆಗೆ ಹಾಕಿ, ಆ ಕೋಣೆಯ ಬಾಗಿಲು ಮುಚ್ಚಿ. ಕಾಲಲ್ಲಿ ತಡೆದು ಅರ್ಧ ಬಾಗಿಲು ತೆರೆಯುವುದು ಬೇಡ, ನಾಯಿ ನುಸುಳುವುದು ಆ ಸಂದಿಯಲ್ಲೇ. ಸೊಳ್ಳೆ ಪರದೆಯ ಬಾಗಿಲನ್ನೂ ನಂಬಬೇಡಿ, ದೊಡ್ಡ ನಾಯಿ ಒಂದು ಸಲ ಹಾರಿದರೆ ಹರಿಯುತ್ತದೆ. ನಾಯಿ ಪಕ್ಕದಲ್ಲಿದ್ದಾಗ ಕಾಗದ ಇಸಿದುಕೊಳ್ಳಲು ಮಗುವನ್ನು ಕಳಿಸಬೇಡಿ. ಮಗುವಿನ ಕಡೆ ಅಪರಿಚಿತ ಕೈ ಚಾಚಿದ್ದು ಅದಕ್ಕೆ ಬೇರೆ ಥರ ಕಾಣಬಹುದು.

ಎರಡನೆಯದು ಮನೆ ನಂಬರ್. ಗೇಟ್ ಮೇಲೆ ಚೆಂದದ ಅಕ್ಷರದಲ್ಲಿ ಮನೆ ಹೆಸರಿರುತ್ತದೆ, ನಂಬರ್ ಮಾತ್ರ ಬಳ್ಳಿಯ ಹಿಂದೆ! ಹಳೇ ನಂಬರ್, ಹೊಸ ನಂಬರ್ ಎರಡೂ ಇದ್ದರೆ ಎರಡನ್ನೂ ಬರೆಸಿ, ಯಾವುದು ಯಾವುದು ಅಂತ ತಿಳಿಯಬೇಕು ಅಷ್ಟೇ. ಬೀಟ್‌ನವರು ರಜೆ ಹಾಕಿದ ದಿನ ಬರುವ ಬದಲಿ ಪೋಸ್ಟ್‌ಮನ್‌ಗೆ ನಿಮ್ಮ ಮುಖ ಪರಿಚಯ ಇರುವುದಿಲ್ಲ, ನಂಬರ್ ಒಂದೇ ದಾರಿ. ಅಪಾರ್ಟ್‌ಮೆಂಟ್ ವಿಳಾಸದಲ್ಲಿ ಫ್ಲಾಟ್ ನಂಬರ್ ಬಿಟ್ಟರಂತೂ ಕಾಗದ ಕೆಳಗಿನ ಮಹಡಿಯಲ್ಲೇ ಅನಾಥ.

ಟಪಾಲು ಪೆಟ್ಟಿಗೆಯನ್ನು ಗೇಟಿನ ಹೊರಗಿನಿಂದಲೇ ಕೈಗೆಟುಕುವ ಹಾಗೆ ಇಟ್ಟರೆ ನಾಯಿ ತಾಪತ್ರಯದ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು. ಅದನ್ನು ಆಗಾಗ ಖಾಲಿ ಮಾಡಿ, ಒಳಗೆ ಕಣಜ ಗೂಡು ಕಟ್ಟಿದೆಯಾ ನೋಡಿ. ನಾವು ನೋಡದೆ ಕೈ ಹಾಕುತ್ತೇವೆ, ಅಲ್ವಾ? ಪಾಚಿ ಕಟ್ಟಿದ ಮೆಟ್ಟಿಲು, ಪೆಟ್ಟಿಗೆಗೆ ಅಡ್ಡ ನಿಲ್ಲಿಸಿದ ಗಾಡಿ ಇವುಗಳ ಬಗ್ಗೆ ಬಿಡಿಸಿ ಹೇಳಬೇಕಿಲ್ಲ.

ಕೆಲವು ಕಾಗದಗಳನ್ನು ಸಹಿ ಹಾಕಿಸಿಕೊಂಡೇ ಕೊಡಬೇಕು. "ಸುಮ್ನೆ ಕಿಟಕಿಯಲ್ಲಿ ಇಟ್ಟು ಹೋಗಿ" ಅನ್ನಬೇಡಿ, ಆಗುವುದಿಲ್ಲ. ಅಂಥದ್ದು ಬರುವುದು ಗೊತ್ತಿದ್ದರೆ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ನಾವು ಬೆಲ್ ಮಾಡಿದ ಮೇಲೆ ಬೀರು ಹುಡುಕಲು ಹೋದರೆ ಮುಂದಿನ ಮನೆಗಳೆಲ್ಲ ತಡವಾಗುತ್ತವೆ.

ಮನೆ ಬದಲಿಸಿದರೆ ಹೊಸ ವಿಳಾಸವನ್ನು ಅಂಚೆ ಕಚೇರಿಗೆ ಬರೆದುಕೊಡಿ. ಮೊದಲಿದ್ದವರ ಕಾಗದ ನಿಮಗೆ ಬಂದರೆ ಒಡೆಯಬೇಡಿ, ಹರಿದು ಬಿಸಾಡಲೂ ಬೇಡಿ. ಮೇಲೆ "ಈ ವಿಳಾಸದಲ್ಲಿಲ್ಲ" ಅಂತ ಬರೆದು ಮಾರನೇ ದಿನ ನಮ್ಮ ಕೈಗೇ ಕೊಡಿ. ಮುಂದಿನದು ನಮ್ಮ ಕೆಲಸ.