ಸ್ಕಿಜೋಫ್ರೇನಿಯಾ: ವಿಧಗಳು ಹೋದವು, ಲಕ್ಷಣಗಳು ಉಳಿದವು

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರ ಹಳೆಯ ಆಸ್ಪತ್ರೆ ಚೀಟಿಗಳಲ್ಲಿ ಕಾಣುವ ‘ಪ್ಯಾರನಾಯ್ಡ್’, ‘ಕ್ಯಾಟಟೋನಿಕ್’ ಎಂಬ ವಿಧಗಳ ಹೆಸರುಗಳ ಮೂಲ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿದೆ. ಹರೆಯದಲ್ಲೇ ಮಾತು, ನಡತೆ ಚದುರಿಹೋಗುವ ಹೆಬೆಫ್ರೀನಿಯಾವನ್ನು ಮನೋವೈದ್ಯ ಎವಾಲ್ಡ್ ಹೆಕರ್ 1871ರಲ್ಲಿ ವಿವರಿಸಿದರು; ಮೈ ಮರಗಟ್ಟಿದಂತೆ ನಿಂತುಬಿಡುವ ಕ್ಯಾಟಟೋನಿಯಾವನ್ನು ಕಾರ್ಲ್ ಕಾಲ್ಬಾಮ್ 1874ರಲ್ಲಿ ವಿವರಿಸಿದರು. ಇವೆರಡನ್ನೂ, ಸಂಶಯವೇ ಮುಖ್ಯವಾದ ಪ್ಯಾರನಾಯ್ಡ್ ರೂಪವನ್ನೂ ಎಮಿಲ್ ಕ್ರೆಪೆಲಿನ್ 1890ರ ದಶಕದಲ್ಲಿ ಒಂದೇ ಕಾಯಿಲೆಯಡಿ ತಂದರು. ಬುದ್ಧಿ ಕ್ರಮೇಣ ಕುಂದುತ್ತದೆ ಎಂಬುದು ಅವರ ನಿಲುವಾಗಿತ್ತು. ಎಲ್ಲರೂ ಹಾಗೆ ಕುಂದುವುದಿಲ್ಲವೆಂದು ಕಂಡ ಸ್ವಿಟ್ಜರ್ಲೆಂಡಿನ ಯೂಜನ್ ಬ್ಲಾಯ್ಲರ್ 1908ರಲ್ಲಿ ಇಂದಿನ ಹೆಸರನ್ನು ಕೊಟ್ಟರು. ಕಿವಿಯಲ್ಲಿ ಕೇಳುವ ಧ್ವನಿ, ಭ್ರಮೆಗಳಿಗಿಂತ ಆಲೋಚನೆಯ ಎಳೆ ಸಡಿಲವಾಗುವುದೂ ಭಾವನೆ ಬತ್ತುವುದೂ ಈ ಕಾಯಿಲೆಯ ತಿರುಳು ಎಂಬ ಅವರ ಮಾತನ್ನು ನಾವು ಇನ್ನೂ ಸರಿಯಾಗಿ ಕಿವಿಗೆ ಹಾಕಿಕೊಂಡಿಲ್ಲ.

ಕೊಡಗಿನಲ್ಲಿ ಇದರ ಬೆಲೆ ತೆರುವವರು ಸದ್ದಿಲ್ಲದೆ ನರಳುವವರು. ಯಾರೋ ವಿಷ ಹಾಕುತ್ತಾರೆಂದು ಕೂಗಾಡುವವನನ್ನು ಮನೆಯವರು ಹೇಗೋ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆದರೆ ತೋಟದ ಕೆಲಸ ಬಿಟ್ಟು, ಸ್ನಾನ, ಊಟ, ಮಾತು ಯಾವುದೂ ಬೇಡವಾಗಿ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮೂಲೆ ಹಿಡಿದವನು ಮೈಗಳ್ಳನೆನಿಸಿಕೊಂಡು ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿಯಬಹುದು. ಇದು ಸೋಮಾರಿತನವಲ್ಲ, ಕಾಯಿಲೆಯದೇ ಲಕ್ಷಣ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಬಳಸತೊಡಗಿದ ಮೇಲೆ ಬಂದ ಔಷಧಗಳು ಧ್ವನಿ, ಸಂಶಯಗಳನ್ನು ತಗ್ಗಿಸಿದಷ್ಟು ಈ ನಿರಾಸಕ್ತಿಯನ್ನು ತಗ್ಗಿಸುವುದಿಲ್ಲ. ಹಾಗಾಗಿ ಮಾತ್ರೆಯ ಜೊತೆಗೆ ಮನೆಯವರ ತಾಳ್ಮೆ, ದಿನಕ್ಕೊಂದು ಸಣ್ಣ ಕೆಲಸ, ಆಪ್ತಸಮಾಲೋಚನೆ ಬೇಕು.

ವಿಧಗಳ ಪಟ್ಟಿಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಕೈಬಿಟ್ಟಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲೂ ಅದು ಇಲ್ಲ. ಒಬ್ಬರಲ್ಲೇ ಇಂದು ಒಂದು ರೂಪ, ಕೆಲವು ವರ್ಷಗಳ ಬಳಿಕ ಇನ್ನೊಂದು ರೂಪ ಕಾಣುತ್ತಿತ್ತು. ವಿಧ ತಿಳಿದರೂ ಮುಂದೇನಾದೀತೆಂದು ಹೇಳಲು ಅದು ಹೆಚ್ಚು ನೆರವಾಗುತ್ತಿರಲಿಲ್ಲ. ಈಗ ಯಾವ ಲಕ್ಷಣ ಎಷ್ಟು ತೀವ್ರವಾಗಿದೆ ಎಂಬುದನ್ನು ಗುರುತಿಸುತ್ತಾರೆ. ಹಳೆಯ ಚೀಟಿಯ ಹೆಸರು ಬದಲಾಯಿತೆಂದು ಗಾಬರಿಪಡಬೇಕಿಲ್ಲ.

ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳಿಂದ ಜಿಲ್ಲೆಗಳಿಗೆ ತರಲು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಉಚಿತ ಸಲಹೆ ಸಿಗುತ್ತದೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ಮುಂಗಾರಿನಲ್ಲಿ ರಸ್ತೆ ಕುಸಿದು ಸಂಪರ್ಕ ತಪ್ಪುವ ಊರಿನವರು ಮೇ ತಿಂಗಳಲ್ಲೇ ವೈದ್ಯರನ್ನು ಕಂಡು, ಮಳೆಗಾಲಕ್ಕೆ ಬೇಕಾಗುವಷ್ಟು ಮಾತ್ರೆ ಬರೆಸಿಕೊಳ್ಳಬೇಕು.