‘ಇರಬಹುದು’ ಎಂಬ ಪದ ಎಲ್ಲಿ ಹೋಯಿತು?

ಸಮುದ್ರದ ಮಧ್ಯೆ ಒಂದು ತಾಯಿ ತಿಮಿಂಗಿಲ. ಅದರ ಜೊತೆ ಪುಟ್ಟ ಮರಿ. ಮರಿ ಸತ್ತುಹೋಗಿದೆ. ಸತ್ತು ದಿನಗಳೇ ಕಳೆದಿವೆ. ಆದರೂ ತಾಯಿ ಬಿಡುತ್ತಿಲ್ಲ, ಹೊತ್ತುಕೊಂಡೇ ಈಜುತ್ತಿದೆ. 2017ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಬ್ಲೂ ಪ್ಲಾನೆಟ್ 2’ ಎಂಬ ಸಾಕ್ಷ್ಯಚಿತ್ರ ಸರಣಿಯಲ್ಲಿ ಬರುವ ದೃಶ್ಯ ಇದು.

ಆ ಸರಣಿಯಲ್ಲಿ ಇನ್ನೂ ಏನೇನೋ ಇತ್ತು. ಹವಳ, ಅಲೆ, ಕತ್ತಲ ಆಳದ ವಿಚಿತ್ರ ಜೀವಿಗಳು. ಅವೆಲ್ಲ ನನಗೆ ಈಗ ಮಸುಕು ಮಸುಕು. ಈ ತಾಯಿ ಮಾತ್ರ ಹಾಗೇ ಉಳಿದಿದೆ. ಯಾರಾದರೂ ಕೇಳಿದರೆ ಕಥೆಯನ್ನೂ ಹೇಳುತ್ತಿದ್ದೆ. ಪ್ಲಾಸ್ಟಿಕ್‌ನಿಂದ ಮರಿ ಸತ್ತಿತು, ತಾಯಿ ಅದನ್ನು ಬಿಡಲಿಲ್ಲ, ಕ್ಯಾಮೆರಾ ತುಂಬಾ ಹೊತ್ತು ಅವರ ಹಿಂದೆಯೇ ಹೋಗುತ್ತದೆ ಅಂತ.

ಈಚೆಗೆ ಆ ಕಂತನ್ನು ಮತ್ತೆ ನೋಡಿದೆ. ಮೊದಲನೇ ಆಶ್ಚರ್ಯ, ನನ್ನ ನೆನಪಿನಲ್ಲಿ ಕಾಲು ಗಂಟೆ ಓಡುತ್ತಿದ್ದ ದೃಶ್ಯ ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ಎರಡನೆಯದು ಅದಕ್ಕಿಂತ ದೊಡ್ಡದು. ಪ್ಲಾಸ್ಟಿಕ್ ಆ ಮರಿಯನ್ನು ಕೊಂದಿತು ಅಂತ ಸರಣಿಯ ನಿರೂಪಕ ಡೇವಿಡ್ ಅಟೆನ್‌ಬರೋ ಎಲ್ಲೂ ಹೇಳಿಯೇ ಇಲ್ಲ. ದೊಡ್ಡ ಬೇಟೆಗಾರ ಪ್ರಾಣಿಗಳ ಮೈಯಲ್ಲಿ ಕಾರ್ಖಾನೆಯ ರಾಸಾಯನಿಕಗಳು ಶೇಖರವಾಗುತ್ತವೆ, ಪ್ಲಾಸ್ಟಿಕ್ಕೂ ಇದರಲ್ಲಿ ಪಾಲುದಾರ ಇರಬಹುದು, ತಾಯಿಯ ಹಾಲೇ ಮರಿಗೆ ವಿಷವಾಗಿರಬಹುದು. ಅವರು ಹೇಳಿದ್ದು ಇಷ್ಟು. ಪ್ರತಿ ಹೆಜ್ಜೆಗೂ ಒಂದೊಂದು ‘ಇರಬಹುದು’.

ಮರಿಯನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ‘ಇರಬಹುದು’ ಅನ್ನುವುದನ್ನು ಮಾತ್ರ ದಾರಿಯಲ್ಲೆಲ್ಲೋ ಬೀಳಿಸಿಕೊಂಡಿದ್ದೆ. ಯಾಕೆ ಹೀಗಾಯಿತು?

ಉತ್ತರದ ಮೊದಲ ತುಂಡು ಮೆದುಳಿನಲ್ಲಿದೆ, ಅದಕ್ಕೂ ಸ್ವಲ್ಪ ಕೆಳಗೆ ಮೂತ್ರಪಿಂಡದ ಮೇಲೂ ಇದೆ. ಮನಸ್ಸು ಕಲಕುವಂಥದ್ದನ್ನು ಕಂಡಾಗ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನ್ ಸುರಿಸುತ್ತವೆ. ಎದೆ ಹೊಡೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಮೆದುಳಿನಲ್ಲಿ ಅದೇ ಜಾತಿಯ ರಾಸಾಯನಿಕ ನಾರ್‌ಅಡ್ರಿನಲಿನ್ ಏರುತ್ತದೆ. ಬಾದಾಮಿ ಗಾತ್ರದ ಅಮಿಗ್ಡಲ ಎಂಬ ಭಾಗ ಚುರುಕಾಗಿ, ಪಕ್ಕದಲ್ಲೇ ಇರುವ, ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸ್‌ಗೆ ಒಂದು ರೀತಿಯ ಸೂಚನೆ ಕೊಡುತ್ತದೆ: ಇದನ್ನು ಗಟ್ಟಿಯಾಗಿ ಇಟ್ಟುಕೋ, ಮುಂದೆ ಬೇಕಾದೀತು.

ಇದಕ್ಕೆ ಚಂದದ ಪುರಾವೆ ಸಿಕ್ಕಿದ್ದು 1994ರಲ್ಲಿ. ಲ್ಯಾರಿ ಕ್ಯಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು ಜನರಿಗೆ ಒಂದಿಷ್ಟು ಸ್ಲೈಡ್ ತೋರಿಸಿದರು. ಎಲ್ಲರಿಗೂ ಅವೇ ಚಿತ್ರಗಳು, ಆದರೆ ಕಥೆ ಎರಡು ಬಗೆ. ಒಂದರಲ್ಲಿ ತಾಯಿ, ಮಗ ಸುಮ್ನೆ ಹೋಗಿ ಬರುತ್ತಾರೆ. ಇನ್ನೊಂದರಲ್ಲಿ ದಾರಿಯಲ್ಲಿ ಹುಡುಗನಿಗೆ ಕಾರು ಗುದ್ದುತ್ತದೆ. ಒಂದು ವಾರದ ನಂತರ ಕೇಳಿದರೆ, ಅಪಘಾತದ ಕಥೆ ಕೇಳಿದವರಿಗೆ ಆ ಭಾಗ ಜಾಸ್ತಿ ನೆನಪಿತ್ತು. ಇಷ್ಟನ್ನು ನಾವೂ ಊಹಿಸಬಹುದಿತ್ತು ಬಿಡಿ. ಸ್ವಾರಸ್ಯ ಮುಂದಿದೆ. ಕೆಲವರಿಗೆ ಮೊದಲೇ ಪ್ರೊಪ್ರನೊಲಾಲ್ ಕೊಟ್ಟಿದ್ದರು. ಅಡ್ರಿನಲಿನ್ ಕೆಲಸ ಮಾಡದಂತೆ ತಡೆಯುವ ಮಾತ್ರೆ ಅದು. ಅವರಿಗೆ ಕಥೆ ಮನ ಕಲಕಲಿಲ್ಲವೇ? ಕಲಕಿತು, ಹಾಗಂತ ಅವರೇ ಹೇಳಿದರು. ಆದರೆ ಒಂದು ವಾರದ ನಂತರ ಆ ಭಾಗಕ್ಕೆ ವಿಶೇಷ ನೆನಪೇನೂ ಇರಲಿಲ್ಲ. ಸಾಮಾನ್ಯ ಕಥೆ ಕೇಳಿದವರ ಹಾಗೇ ಇತ್ತು.

ಅಂದರೆ ನೋಡುವಾಗ ಮನಸ್ಸು ಕಲಕುವುದು ಒಂದು ಕೆಲಸ, ಅದು ವರ್ಷಗಟ್ಟಲೆ ಉಳಿಯುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಮೈಯ ಸಹಕಾರ ಬೇಕು. ಅದೇ ತಂಡ 1996ರಲ್ಲಿ ಜನರಿಗೆ ವಿಡಿಯೋ ತುಣುಕುಗಳನ್ನು ತೋರಿಸುತ್ತ ಮೆದುಳನ್ನು ಸ್ಕ್ಯಾನ್ ಮಾಡಿತು. ಮೂರು ವಾರದ ನಂತರ ಯಾರಿಗೆ ಎಷ್ಟು ಕಟುವಾದ ತುಣುಕುಗಳು ನೆನಪಿವೆ ಎಂದು ಕೇಳಿದರು. ನೋಡುವಾಗ ಯಾರ ಅಮಿಗ್ಡಲ ಹೆಚ್ಚು ಚುರುಕಾಗಿತ್ತೋ ಅವರಿಗೆ ಹೆಚ್ಚು ನೆನಪಿತ್ತು.

ಆದರೆ ಈ ಗಟ್ಟಿ ಮಾಡುವ ವ್ಯವಸ್ಥೆಗೆ ಒಂದು ಚಾಳಿ ಇದೆ. ಅದು ನಡುವಿನದನ್ನು ಹಿಡಿದುಕೊಂಡು ಅಂಚಿನದನ್ನು ಬಿಡುತ್ತದೆ. ಸತ್ತ ಮರಿ ನಡುವಿನದು. ‘ಇರಬಹುದು’ ಅಂಚಿನದು. ವಾಕ್ಯದ ಬಾಲದಲ್ಲಿ ಬರುವ, ಮುಖವಿಲ್ಲದ, ಬಣ್ಣವಿಲ್ಲದ ಪದ. ಅದನ್ನು ಕಂಡು ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ. ವಿಜ್ಞಾನಿಗಳಿಗೆ ಪ್ರಾಣವೇ ಆದ ಪದ ಅದು. ನಮ್ಮ ಅಮಿಗ್ಡಲಕ್ಕೆ ಲೆಕ್ಕಕ್ಕೇ ಇಲ್ಲ.

ಹೋಗಲಿ, ಅಂಚು ಕಳೆದುಹೋಗಿದೆ ಎಂಬ ಅನುಮಾನವಾದರೂ ಬರಬೇಕಲ್ವಾ? ಬರುವುದಿಲ್ಲ. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಒಡೆದು ಚೂರಾಯಿತು. ಮರುದಿನವೇ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು? ಎರಡು ಮೂರು ವರ್ಷ ಬಿಟ್ಟು ಅದನ್ನೇ ಮತ್ತೆ ಕೇಳಿದರೆ ಎಷ್ಟೋ ಉತ್ತರಗಳು ಮೊದಲಿನದಕ್ಕೆ ಹೊಂದಲೇ ಇಲ್ಲ. ಹಾಗಿದ್ದೂ ಹೇಳುವವರ ಧೈರ್ಯಕ್ಕೆ ಕೊರತೆ ಇರಲಿಲ್ಲ. ಚಿತ್ರ ಸ್ಪಷ್ಟವಾಗಿ ಕಾಣುತ್ತಿದೆ ಎಂದಮೇಲೆ ಅದು ಸರಿ ಇರಲೇಬೇಕು ಎಂದು ನಾವು ನಂಬಿಬಿಡುತ್ತೇವೆ.

ಇನ್ನು ಆ ಕಾಲು ಗಂಟೆಯ ವಿಷಯ. 1993ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಡೇನಿಯಲ್ ಕಾನೆಮನ್ ಒಂದು ಪ್ರಯೋಗ ಪ್ರಕಟಿಸಿದರು. ಹಿತವಾದವು, ಅಹಿತವಾದವು ಎಂದು ಎರಡು ಬಗೆಯ ಫಿಲ್ಮ್ ತುಣುಕುಗಳು. ಪ್ರತಿಯೊಂದಕ್ಕೂ ಉದ್ದದ ಆವೃತ್ತಿ ಒಂದು, ಚಿಕ್ಕದು ಒಂದು. ಕೊನೆಯಲ್ಲಿ ‘ಒಟ್ಟಾರೆ ಹೇಗಿತ್ತು’ ಎಂದು ಕೇಳಿದಾಗ ಎಷ್ಟು ಹೊತ್ತು ನೋಡಿದರು ಎಂಬುದು ಉತ್ತರದ ಮೇಲೆ ಬಹಳ ಕಡಿಮೆ ಪರಿಣಾಮ ಬೀರಿತ್ತು. ಅತಿ ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣ, ಇವೆರಡೇ ತೀರ್ಪು ಕೊಡುತ್ತಿದ್ದವು. ನಮ್ಮ ನೆನಪಿನ ಬಳಿ ಗಡಿಯಾರ ಇಲ್ಲ. ನನ್ನ ಕಾಲು ಗಂಟೆ ಸಮಯದ ಅಳತೆಯಾಗಿರಲಿಲ್ಲ, ಭಾರದ ಅಳತೆಯಾಗಿತ್ತು ಅಂತ ಈಗ ಅನ್ನಿಸುತ್ತದೆ.

ಇಷ್ಟು ಹೊತ್ತು ಎಲ್ಲವನ್ನೂ ಮೆದುಳಿನ ತಲೆಗೇ ಕಟ್ಟಿದೆ. ಚಿತ್ರ ಮಾಡುವವರ ಕೈವಾಡವನ್ನೂ ನೋಡಬೇಕು. ಈ ಬಗ್ಗೆ ನನಗೆ ತುಂಬಾ ಇಷ್ಟವಾದ ಪ್ರಯೋಗ ಹಳೆಯದು, 1964ರದು. ರಿಚರ್ಡ್ ಲಜಾರಸ್ ಮತ್ತು ಸಂಗಡಿಗರ ಕೈಯಲ್ಲಿ ಒಂದು ಮೂಕಿ ಸಾಕ್ಷ್ಯಚಿತ್ರವಿತ್ತು. ಆಸ್ಟ್ರೇಲಿಯಾದ ಒಂದು ಮೂಲನಿವಾಸಿ ಸಮುದಾಯದಲ್ಲಿ ಹುಡುಗರು ದೊಡ್ಡವರಾಗುವಾಗ ಕಲ್ಲಿನ ಚಾಕುವಿನಿಂದ ಗುಪ್ತಾಂಗಕ್ಕೆ ಗಾಯ ಮಾಡುವ ಆಚರಣೆಯ ಚಿತ್ರ. ನೋಡುವುದು ಕಷ್ಟ. ಇದಕ್ಕೆ ಅವರು ಮೂರು ಬಗೆಯ ಹಿನ್ನೆಲೆ ಧ್ವನಿ ಸೇರಿಸಿದರು. ಒಂದು ಧ್ವನಿ ನೋವನ್ನೂ ಅಪಾಯವನ್ನೂ ಎತ್ತಿ ಎತ್ತಿ ಹೇಳುತ್ತದೆ. ಇನ್ನೊಂದು ಧ್ವನಿ ನೋವೇನೂ ಅಷ್ಟಿಲ್ಲ, ಹುಡುಗರಿಗೆ ಇದು ಸಂಭ್ರಮ ಎನ್ನುತ್ತದೆ. ಮೂರನೆಯದು ಸಂಶೋಧಕರಂತೆ, ಭಾವನೆ ಬೆರೆಸದೆ, ಆಚರಣೆಯನ್ನು ವಿವರಿಸುತ್ತದೆ. ನಾಲ್ಕನೇ ಗುಂಪಿಗೆ ಮೌನ. ನೋಡುಗರ ಚರ್ಮದ ವಿದ್ಯುತ್ ವಾಹಕತೆಯನ್ನು, ಅಂದರೆ ಅಂಗೈ ಎಷ್ಟು ಬೆವರುತ್ತಿದೆ ಎಂಬುದನ್ನು, ಅಳೆಯುತ್ತ ಹೋದರು. ನೋವನ್ನು ಎತ್ತಿ ಹೇಳಿದಾಗ ಮೈ ಹೆಚ್ಚು ಬೆವರಿತು. ಉಳಿದೆರಡು ಧ್ವನಿಗಳು ಮೌನಕ್ಕಿಂತಲೂ ಮೈಯನ್ನು ತಣ್ಣಗಿಟ್ಟವು.

ಗಮನಿಸಿ, ಪರದೆಯ ಮೇಲಿನ ಒಂದು ಚೌಕಟ್ಟೂ ಬದಲಾಗಿರಲಿಲ್ಲ. ಅದೇ ಚಾಕು, ಅದೇ ಹುಡುಗರು. ನಾವು ಕಣ್ಣಿನಿಂದ ನೋಡಿದೆವು ಅಂದುಕೊಂಡದ್ದನ್ನು ಅರ್ಧ ಕಿವಿಯಿಂದ ನೋಡಿರುತ್ತೇವೆ. 2005ರಲ್ಲಿ ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್‌ಗಳ ಬಗ್ಗೆ ಒಂದು ಫ್ರೆಂಚ್ ಸಾಕ್ಷ್ಯಚಿತ್ರ ಬಂತು. ಫ್ರೆಂಚ್ ಆವೃತ್ತಿಯಲ್ಲಿ ಪೆಂಗ್ವಿನ್‌ಗಳೇ ‘ನಾನು’, ‘ನೀನು’ ಎಂದು ಮಾತಾಡುತ್ತವೆ. ಅಮೆರಿಕದ ಆವೃತ್ತಿಯಲ್ಲಿ ಅದನ್ನು ತೆಗೆದು ಮಾರ್ಗನ್ ಫ್ರೀಮನ್ ಅವರ ನಿರೂಪಣೆ ಹಾಕಿದರು. ಹಿಮ ಅದೇ, ಹಕ್ಕಿಗಳೂ ಅವೇ. ಆದರೆ ಎರಡೂ ದೇಶದವರು ಮನೆಗೆ ಕೊಂಡೊಯ್ದ ಪೆಂಗ್ವಿನ್ ಒಂದೇ ಆಗಿತ್ತು ಎಂದು ನನಗಂತೂ ಅನ್ನಿಸುವುದಿಲ್ಲ.

ಇನ್ನೊಂದು ಕೈಚಳಕ, ಎಣಿಕೆಯನ್ನು ಬಿಟ್ಟು ಒಬ್ಬರನ್ನು ಹಿಡಿಯುವುದು. ಇಡೀ ಸಾಗರದ ಕಸದ ಲೆಕ್ಕ ಹೇಳಿದರೆ ನಾವು ತಲೆಯಾಡಿಸುತ್ತೇವೆ. ಒಂದು ಮರಿಯನ್ನು ತೋರಿಸಿದರೆ ಗಂಟಲು ಕಟ್ಟುತ್ತದೆ. 2007ರಲ್ಲಿ ಪ್ರಕಟವಾದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಅವರ ಪ್ರಯೋಗದಲ್ಲಿ ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಬೇಕಾದರೆ ದಾನ ಮಾಡಿ ಎಂದರು. ಆಫ್ರಿಕಾದ ಲಕ್ಷಾಂತರ ಜನರ ಹಸಿವಿನ ಅಂಕಿ ಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ 7 ವರ್ಷದ ಒಬ್ಬ ಹುಡುಗಿಯ ಬಗ್ಗೆ ಓದಿದವರು 2.38 ಡಾಲರ್ ಕೊಟ್ಟರು. ಹುಡುಗಿಯ ಕಥೆ, ಅಂಕಿ ಅಂಶ ಎರಡನ್ನೂ ಓದಿದವರು? ಜಾಸ್ತಿ ಕೊಡಬೇಕಿತ್ತು ಅಲ್ವಾ? 1.43 ಡಾಲರ್ ಕೊಟ್ಟರು. ಹುಡುಗಿಯ ಪಕ್ಕದಲ್ಲಿ ಅಂಕಿಗಳನ್ನು ಇಟ್ಟ ಕೂಡಲೇ ಹುಡುಗಿಯೂ ಮಸುಕಾದಳು. ಒಳ್ಳೆಯ ನಿರ್ದೇಶಕರು ಈ ಪ್ರಯೋಗ ಓದಿರಬೇಕಾಗಿಲ್ಲ, ಎಡಿಟಿಂಗ್ ಟೇಬಲ್ ಮುಂದೆಯೇ ಅವರಿಗೆ ಇದು ಗೊತ್ತಾಗಿರುತ್ತದೆ.

ಕಥಾಚಿತ್ರವೂ ಇದನ್ನೆಲ್ಲ ಮಾಡುತ್ತದೆಯಲ್ಲ ಎಂದು ನೀವು ಕೇಳಬಹುದು. ಮಾಡುತ್ತದೆ. ಆದರೆ ಅಲ್ಲಿ ನಮಗೆ ಹಿಂಬಾಗಿಲು ಇರುತ್ತದೆ. ತುಂಬಾ ಸಂಕಟವಾದರೆ ‘ನಟನೆ ತಾನೇ’ ಎಂದು ಹೊರಗೆ ಬರಬಹುದು. ಸಾಕ್ಷ್ಯಚಿತ್ರ ಆ ಬಾಗಿಲಿಗೆ ಅಗುಳಿ ಹಾಕಿರುತ್ತದೆ. ಇದು ನಡೆದದ್ದು, ಈ ಮನುಷ್ಯ ಇದ್ದವನು. ಹಾಗಾಗಿ ನಂಬಿಕೆಯೂ ದುಪ್ಪಟ್ಟು, ಆ ನಂಬಿಕೆಯನ್ನು ಕೆಡಿಸಿದರೆ ಆಗುವ ಹಾನಿಯೂ ದುಪ್ಪಟ್ಟು. 1958ರಲ್ಲಿ ಡಿಸ್ನಿ ಕಂಪನಿಯ ‘ವೈಟ್ ವೈಲ್ಡರ್‌ನೆಸ್’ ಬಂತು. ಲೆಮ್ಮಿಂಗ್ ಎಂಬ ಇಲಿಯಂಥ ಪುಟ್ಟ ಪ್ರಾಣಿಗಳು ಗುಂಪು ಗುಂಪಾಗಿ ಬಂಡೆಯಿಂದ ನೀರಿಗೆ ಬೀಳುವ ದೃಶ್ಯ ಅದರಲ್ಲಿತ್ತು. ಚಿತ್ರಕ್ಕೆ ಆಸ್ಕರ್ ಬಂತು. ಲೆಮ್ಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ನಂಬಿಕೆ ಅದರಿಂದ ಇನ್ನಷ್ಟು ಬೇರುಬಿಟ್ಟಿತು. 1982ರಲ್ಲಿ ಕೆನಡಾದ ಟಿವಿ ಕಾರ್ಯಕ್ರಮವೊಂದು ಬೇರೆಯದೇ ಕಥೆ ಹೊರಗೆಳೆಯಿತು. ಚಿತ್ರೀಕರಣ ನಡೆದ ಆಲ್ಬರ್ಟಾ ಪ್ರಾಂತ್ಯದ ಆ ಜಾಗ ಈ ಪ್ರಾಣಿಗಳ ಸಹಜ ನೆಲೆಯೇ ಅಲ್ಲ. ಬೇರೆ ಕಡೆಯಿಂದ ಕೊಂಡು ತಂದು, ಬಂಡೆಯಂಚಿನಿಂದ ತಳ್ಳಿದ್ದರು. ಸತ್ಯ ಹೊರಬಿದ್ದು 40 ವರ್ಷ ದಾಟಿದರೂ ಲೆಮ್ಮಿಂಗ್ ಎಂದರೆ ಜನ ಇವತ್ತಿಗೂ ಆತ್ಮಹತ್ಯೆಯ ಮಾತೇ ಆಡುತ್ತಾರೆ. ದೃಶ್ಯ ಉಳಿಯಿತು, ತಿದ್ದುಪಡಿ ಉಳಿಯಲಿಲ್ಲ. ನನ್ನ ‘ಇರಬಹುದು’ವಿನ ಅಣ್ಣನಂತೆ ಇದು.

ನೆನಪು ಬರೀ ಕಳೆಯುವುದಿಲ್ಲ, ಕೂಡಿಸುತ್ತದೆ ಕೂಡ. ವರ್ನರ್ ಹರ್ಜೋಗ್ ಅವರ ‘ಗ್ರಿಜ್ಲಿ ಮ್ಯಾನ್’ 2005ರ ಚಿತ್ರ. ಅಲಾಸ್ಕಾದಲ್ಲಿ ಕರಡಿಗಳ ನಡುವೆ ಬೇಸಿಗೆ ಕಳೆಯುತ್ತಿದ್ದ ಟಿಮೊಥಿ ಟ್ರೆಡ್‌ವೆಲ್ ಅವರನ್ನು 2003ರಲ್ಲಿ ಕರಡಿಯೇ ಕೊಂದಿತು. ಆಗ ಅವರ ಕ್ಯಾಮೆರಾ ಓಡುತ್ತಿತ್ತು. ಲೆನ್ಸಿಗೆ ಮುಚ್ಚಳ ಇದ್ದುದರಿಂದ ಚಿತ್ರ ಇಲ್ಲ, ಧ್ವನಿ ಮಾತ್ರ ಉಳಿಯಿತು. ಹರ್ಜೋಗ್ ಆ ಧ್ವನಿಯನ್ನು ನಮಗೆ ಕೇಳಿಸುವುದಿಲ್ಲ. ತಾವು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ಎದುರಿಗೆ ಟ್ರೆಡ್‌ವೆಲ್ ಅವರ ಸ್ನೇಹಿತೆ ಕೂತು ಹರ್ಜೋಗ್ ಮುಖವನ್ನೇ ನೋಡುತ್ತಿರುತ್ತಾರೆ. ನಮಗೆ ಕಾಣುವುದು ಆಕೆಯ ಮುಖ. ಇದನ್ನು ನೀವು ಯಾವತ್ತೂ ಕೇಳಬೇಡಿ ಎಂದು ಹರ್ಜೋಗ್ ಹೇಳುತ್ತಾರೆ. ಅಷ್ಟೇ. ಆದರೆ ಆ ಧ್ವನಿ ನನ್ನ ತಲೆಯಲ್ಲಿದೆ. ನಾನು ಕೇಳದೇ ಇದ್ದ ಧ್ವನಿ!

ಇಷ್ಟೆಲ್ಲ ಗಾಢವಾಗಿ ಉಳಿದರೆ ಜನ ಬದಲಾಗುತ್ತಾರಾ? ಕೆಲವು ಸಲ. ಸೆರೆಯಲ್ಲಿದ್ದ ಓರ್ಕಾ ತಿಮಿಂಗಿಲಗಳ ಬಗ್ಗೆ 2013ರಲ್ಲಿ ‘ಬ್ಲ್ಯಾಕ್‌ಫಿಶ್’ ಎಂಬ ಸಾಕ್ಷ್ಯಚಿತ್ರ ಬಂದ ಮೇಲೆ, ಅವುಗಳ ಪ್ರದರ್ಶನ ನಡೆಸುತ್ತಿದ್ದ ಸೀವರ್ಲ್ಡ್ ಕಂಪನಿಯ ಮೇಲೆ ಒತ್ತಡ ಹೆಚ್ಚುತ್ತಲೇ ಹೋಯಿತು. 2016ರ ಮಾರ್ಚ್‌ನಲ್ಲಿ ಆ ಕಂಪನಿ ಓರ್ಕಾಗಳ ಸಂತಾನೋತ್ಪತ್ತಿ ನಿಲ್ಲಿಸುವುದಾಗಿ ಘೋಷಿಸಿತು. ನನ್ನ ತಿಮಿಂಗಿಲದ ವಿಷಯ ಇಷ್ಟು ಸಲೀಸಲ್ಲ. ‘ಬ್ಲೂ ಪ್ಲಾನೆಟ್ 2’ ನೋಡಿದವರನ್ನೂ ಬೇರೆ ಸಾಕ್ಷ್ಯಚಿತ್ರ ನೋಡಿದವರನ್ನೂ ಹೋಲಿಸಿದ ಒಂದು ಪ್ರಯೋಗ 2020ರಲ್ಲಿ ಪ್ರಕಟವಾಯಿತು. ‘ಬ್ಲೂ ಪ್ಲಾನೆಟ್ 2’ ನೋಡಿದವರ ತಿಳಿವಳಿಕೆ ಹೆಚ್ಚಿತ್ತು, ಬಳಸಲು ಪ್ಲಾಸ್ಟಿಕ್ಕನ್ನೇ ಆಯ್ಕೆ ಮಾಡಿಕೊಳ್ಳುವುದು ಮಾತ್ರ ಕಡಿಮೆಯಾಗಿರಲಿಲ್ಲ.

ಒಂದು ವೇಳೆ ಏನೋ ನೋಡಿ, ಅದು ಬೇಡವೆಂದರೂ ಕಣ್ಣ ಮುಂದೆ ಬರುತ್ತಿದ್ದರೆ? ಎಮಿಲಿ ಹೋಮ್ಸ್ ಮತ್ತು ಸಂಗಡಿಗರು 2009ರಲ್ಲಿ ಮಜವಾದ ಫಲಿತಾಂಶ ಪ್ರಕಟಿಸಿದರು. ಗಾಯ, ಸಾವುಗಳ 12 ನಿಮಿಷದ ಫಿಲ್ಮ್ ತೋರಿಸಿ, ಅರ್ಧ ಗಂಟೆ ಬಿಟ್ಟು ಕೆಲವರಿಗೆ 10 ನಿಮಿಷ ಟೆಟ್ರಿಸ್ ಆಡಿಸಿದರು. ಮೇಲಿಂದ ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಕೂರಿಸುವ ಆ ಹಳೇ ವಿಡಿಯೋ ಗೇಮ್. ಆಡಿದವರಿಗೆ ಮುಂದಿನ ಒಂದು ವಾರ ಆ ದೃಶ್ಯಗಳು ತಾವಾಗಿ ನುಗ್ಗಿ ಬರುವುದು ಕಡಿಮೆಯಾಯಿತು. ಆದರೆ ಕೇಳಿದರೆ ಫಿಲ್ಮಿನ ವಿವರಗಳನ್ನು ಉಳಿದವರಷ್ಟೇ ಚೆನ್ನಾಗಿ ಹೇಳುತ್ತಿದ್ದರು. ನೆನಪು ಇನ್ನೂ ಹಸಿಯಾಗಿರುವಾಗ ಕಣ್ಣಿಗೆ, ಜಾಗದ ಲೆಕ್ಕಕ್ಕೆ ಬೇರೆ ಕೆಲಸ ಕೊಟ್ಟರೆ ಚಿತ್ರ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ ಎಂಬುದು ಅವರ ವಿವರಣೆ.

ನನಗೆ ಬೇಕಾಗಿದ್ದು ಇದರ ಉಲ್ಟಾ. ಹಾಗಾಗಿ ಎರಡನೇ ಸಲ ನೋಡಿದಾಗ ದೃಶ್ಯ ನಿಲ್ಲಿಸಿ, ಕೈಗೆ ಸಿಕ್ಕ ಚೀಟಿಯ ಮೇಲೆ ದೊಡ್ಡದಾಗಿ ‘ಇರಬಹುದು’ ಎಂದು ಬರೆದೆ. ಮೊನ್ನೆ ಆ ತಾಯಿ ಮತ್ತೆ ನೆನಪಾಯಿತು. ಪದವೂ ಜೊತೆಗೆ ಬಂತು. ಆದರೆ ಅಟೆನ್‌ಬರೋ ಧ್ವನಿಯಲ್ಲಿ ಬರಲಿಲ್ಲ. ನನ್ನದೇ ಸೊಟ್ಟ ಅಕ್ಷರದಲ್ಲಿ, ನೀಲಿ ನೀರಿನ ಮೂಲೆಯೊಂದರಲ್ಲಿ ಅಂಟಿಸಿದಂತೆ ಕಾಣಿಸಿತು.