ನೋಡಿದವರೇ ಹೊರುವ ವೆಬ್‌ಸೈಟು

“ಸರ್ವರ್ ಬಾಡಿಗಿ ಕಟ್ಟಲಾರದ ವೆಬ್‌ಸೈಟ್ ನಡಸಾಕ ಬರೂದಿಲ್ಲೇನ್ರಿ?” ಹುಬ್ಬಳ್ಳಿಯಲ್ಲಿ ಸರ್ವರ್, ಅಂದರೆ ವೆಬ್‌ಸೈಟ್ ಇಟ್ಟು ನಡೆಸುವ ಕಂಪ್ಯೂಟರ್, ನೋಡಿಕೊಳ್ಳುವ ನನ್ನನ್ನು ಧಾರವಾಡ, ಗದಗ ಕಡೆಯ ಸಣ್ಣ ಸಂಘಗಳವರು ಹೀಗೆ ಕೇಳುತ್ತಿರುತ್ತಾರೆ. ಬರುತ್ತದೆ. ಪೀರ್-ಟು-ಪೀರ್ ಹೋಸ್ಟಿಂಗ್‌ನಲ್ಲಿ ಸೈಟ್ ನೋಡಿದವರ ಕಂಪ್ಯೂಟರೇ ಒಂದು ಪ್ರತಿ ಇಟ್ಟುಕೊಂಡು ಮುಂದಿನವರಿಗೆ ಕೊಡುತ್ತದೆ. ಜನ ತಮ್ಮತಮ್ಮಲ್ಲೇ ಕಡತ ಹಂಚಿಕೊಳ್ಳುವ 2001ರ ಬಿಟ್‌ಟೊರೆಂಟ್ ತೋರಿಸಿದ ದಾರಿಯಲ್ಲಿ 2015ರಲ್ಲಿ ಇಡೀ ವೆಬ್‌ಸೈಟನ್ನೇ ಹೀಗೆ ಹಂಚುವ ಝೀರೋನೆಟ್, ಕಡತಗಳನ್ನು ಹೀಗೆ ಹಂಚುವ ಐಪಿಎಫ್‌ಎಸ್ ಬಂದವು. 2017ರಲ್ಲಿ ಟರ್ಕಿ ಸರಕಾರ ವಿಕಿಪೀಡಿಯವನ್ನು ತಡೆದಾಗ ಟರ್ಕಿಶ್ ವಿಕಿಪೀಡಿಯದ ಪ್ರತಿಯನ್ನು ಐಪಿಎಫ್‌ಎಸ್‌ಗೆ ಏರಿಸಿದರು. ಈ ತಂತ್ರದ ಬೆಲೆ ತಿಳಿಯುವುದೇ ಅಂಥ ಹೊತ್ತಿನಲ್ಲಿ.

ಆದರೆ ಖರ್ಚು ಮಾಯವಾಗುವುದಿಲ್ಲ, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ. ನಮ್ಮ ಜನ ಸೈಟ್ ನೋಡುವುದು ಹೆಚ್ಚಾಗಿ ಮೊಬೈಲಿನಲ್ಲಿ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಅನೇಕ ಗ್ರಾಹಕರಿಗೆ ಹಂಚುವುದರಿಂದ ಹೊರಗಿನವರು ಆ ಫೋನನ್ನು ನೇರ ಮುಟ್ಟುವುದು ಕಷ್ಟ. ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸುತ್ತದೆ. ಹಾಗಾಗಿ ಎಲ್ಲೋ ಒಂದು ಕಂಪ್ಯೂಟರ್ ಹಗಲೂ ರಾತ್ರಿ ಚಾಲೂ ಇರಲೇಬೇಕು. ಐಪಿಎಫ್‌ಎಸ್‌ನಲ್ಲಿ ಯಾರೂ ‘ಪಿನ್’ ಮಾಡಿ ಉಳಿಸಿಕೊಳ್ಳದ ಕಡತ ಕ್ರಮೇಣ ಸಿಗದೇ ಹೋಗಬಹುದು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಒಪ್ಪಿಗೆಯದು. ಝೀರೋನೆಟ್‌ನಲ್ಲಿ ಸೈಟ್ ತೆರೆದವರು ತಾವಾಗಿಯೇ ಅದರ ಹಂಚಿಕೆದಾರರಾಗುತ್ತಾರೆ. ವಿಳಾಸ ಮರೆಮಾಡುವ ಟಾರ್ ಜಾಲ ಬಳಸದಿದ್ದರೆ ಅವರ ಐಪಿ ವಿಳಾಸ ಉಳಿದವರಿಗೆ ಕಾಣುತ್ತದೆ, ಡೇಟಾ ಪ್ಯಾಕೂ ಅವರದೇ ಖರ್ಚಾಗುತ್ತದೆ. ಆ ಸೈಟಿನಲ್ಲಿ ಯಾರೋ ಕಾನೂನುಬಾಹಿರ ಚಿತ್ರ ತುರುಕಿದರೆ ಅದು ಹರಡುವುದು ಈ ಅಮಾಯಕರ ಡಿಸ್ಕಿನಿಂದ. ಇಷ್ಟೆಲ್ಲ ಆಗುತ್ತದೆಂದು ಮೊದಲೇ ಕನ್ನಡದಲ್ಲಿ ಬಿಡಿಸಿ ಹೇಳದೆ ಒಬ್ಬರ ಯಂತ್ರವನ್ನು ದುಡಿಸಿಕೊಳ್ಳುವುದು ಅನ್ಯಾಯ.

ಅಳಿಸುವ ಮಾತಂತೂ ಇನ್ನೂ ಕಠಿಣ. ಬ್ಯಾಡಗಿಯ ಒಂದು ಸಂಘ ಮೆಣಸಿನಕಾಯಿ ಬೆಳೆಗಾರರ ಹೆಸರು, ಫೋನ್, ಬ್ಯಾಂಕ್ ಖಾತೆಯ ಪಟ್ಟಿಯನ್ನು ಹೀಗೆ ಏರಿಸಿತು ಎಂದುಕೊಳ್ಳಿ. ನಾಳೆ ಒಬ್ಬ ರೈತ “ನನ್ನ ಹೆಸರು ತಗೀರಿ” ಎಂದರೆ, ಹಂಚಿಹೋದ ಪ್ರತಿಗಳನ್ನು ಯಾರ ಮನೆಗೆ ಹೋಗಿ ತೆಗೆಯುವುದು? ಹಾಗೆ ಕೇಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಬರೆದಿಟ್ಟಿದೆ.

ಧಾರವಾಡದ ಹಳೆಯ ಸಂಗೀತ ಧ್ವನಿಮುದ್ರಿಕೆ, ಹಕ್ಕಿನ ತಕರಾರಿಲ್ಲದ ಹಸ್ತಪ್ರತಿಯ ಸ್ಕ್ಯಾನು: ಇಂಥವಕ್ಕೆ ನಾನು ಧೈರ್ಯವಾಗಿ ಹೂಂ ಅನ್ನುತ್ತೇನೆ. ಕಡತದ ಒಳಗಿನಿಂದಲೇ ಅದರ ವಿಳಾಸ ಹುಟ್ಟಿ, ಒಳಗಿನದು ಬದಲಾದರೆ ವಿಳಾಸವೂ ಬದಲಾಗುವುದರಿಂದ ಐಪಿಎಫ್‌ಎಸ್‌ನಲ್ಲಿ ನಡುವೆ ಯಾರೂ ಗುಟ್ಟಾಗಿ ತಿದ್ದಲಾರರು. ಧಾರವಾಡದಲ್ಲೊಂದು, ಗದಗಿನಲ್ಲೊಂದು ಯಂತ್ರದಲ್ಲಿ ಪಿನ್ ಮಾಡಿಡಿ, ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆಂದು ಸಂಘದ ಠರಾವಿನಲ್ಲಿ ಬರೆಯಿರಿ. ರೈತರ ಪಟ್ಟಿ ಬಾಡಿಗೆ ಸರ್ವರಿನಲ್ಲೇ ಇರಲಿ.